ಅಂಗಳದಲ್ಲಿ ಎಂಜಿನ್ ಬಿಚ್ಚಬಹುದೇ?

ಪ್ರಶ್ನೆ: ನಮ್ಮ ಮನೆ ಪೆರ್ಲದ ಹತ್ತಿರ. ಇಂಜೆಕ್ಷನ್ ಬಂದ ಮೇಲಿನ ಹಳೇ ಮಾರುತಿ 800 ಇದೆ. ಕೆಲವು ವಾರಗಳಿಂದ ರೇಡಿಯೇಟರಿನ ನೀರು ಬೇಗ ಕಡಿಮೆಯಾಗುತ್ತಿದೆ. ಏರು ಹತ್ತುವಾಗ ಬಿಸಿಯ ಮುಳ್ಳು ಮೇಲೆ ಹೋಗುತ್ತದೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆಯ ಹಾಗೆ ಏನೋ ಹಿಡಿದಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ಒಬ್ಬರು ಹೇಳಿದರು. ನಾನು ಮತ್ತು ಭಾವ ಸೇರಿ ಮನೆಯ ಅಂಗಳದಲ್ಲೇ ಬಿಚ್ಚಬೇಕು ಅಂತಿದ್ದೇವೆ. ಹಲಸಿನ ಮರಕ್ಕೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತುವ ಯೋಚನೆ. ಸ್ಪ್ಯಾನರ್, ಸಾಕೆಟ್ ಸೆಟ್ ಇದೆ. ಪಂಪ್‌ಸೆಟ್ ರಿಪೇರಿ ಮಾಡಿ ಅಭ್ಯಾಸ ಇದೆ. ಜಾಗ್ರತೆಯಾಗಿ ಬಿಚ್ಚುವುದು ಹೇಗೆ ಹೇಳ್ತೀರಾ?

ಉತ್ತರ: ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ಕೈಗೆ ಈ ಕೆಲಸ ಹೊಸದಲ್ಲ. ಮಾರುತಿ 800ರದ್ದು 796 ಸಿಸಿಯ, ಮೂರೇ ಸಿಲಿಂಡರಿನ ಎಂಜಿನ್. ಕಲಿಯುವವರಿಗೆ ಇದಕ್ಕಿಂತ ಸರಳವಾದ ಕಾರ್ ಎಂಜಿನ್ ಸಿಗುವುದು ಕಷ್ಟ. ಆದರೆ ಬಿಚ್ಚುವ ದಾರಿ ಹೇಳುವ ಮೊದಲು ಇನ್ನೊಂದು ವಿಷಯ ತೀರ್ಮಾನ ಆಗಬೇಕು. ನಿಜವಾಗಿ ಬಿಚ್ಚಬೇಕಾ? ಬಿಚ್ಚುವುದಾದರೆ ಎಲ್ಲಿಯವರೆಗೆ? ಪರೀಕ್ಷೆ ಮಾಡದೆ ಬಿಚ್ಚಿ, ಚೆನ್ನಾಗಿದ್ದ ಭಾಗಗಳನ್ನೂ ಕೆಡಿಸಿಕೊಂಡ ಕಾರುಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ಮೊದಲು ಆ ಬಿಳಿ ಕೆನೆ. ಅದನ್ನು ನೋಡಿದ ಕೂಡಲೇ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ) ಹೋಯಿತು ಅನ್ನುವುದು ನಮ್ಮ ಊರಿನ ಮಟ್ಟಿಗೆ ಆತುರದ ಮಾತು. ಕಾಸರಗೋಡಿನ ಮಳೆಗಾಲದಲ್ಲಿ ಗಾಳಿಯೇ ನೀರು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ತಣ್ಣನೆಯ ಮುಚ್ಚಳಕ್ಕೆ ತಾಗಿ ಆಯಿಲ್ ಜೊತೆ ಬೆರೆತು ಬೆಳ್ಳಗಾಗುತ್ತದೆ. ಹಾಗಾಗಿ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ತುದಿಯಲ್ಲಿರುವ ಆಯಿಲ್ ಕೂಡ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ನೀರು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಆಗ ಕಾರು ಓಡಿಸಬೇಡಿ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛವಾಗಿದ್ದು ಮುಚ್ಚಳದಲ್ಲಿ ಮಾತ್ರ ಬಿಳಿ ಇದ್ದರೆ ಮುಚ್ಚಳ ಒರೆಸಿ, ಮುಂದಿನ ಪರೀಕ್ಷೆಗೆ ಹೋಗಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಕತ್ತಿನವರೆಗೆ ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬರುವುದು ಸಹಜ. ಬಿಡದೆ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾದರೆ, ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಬಿಸಿ ಏರುವ ಮೊದಲೇ ಆಫ್ ಮಾಡಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವತ್ತೂ ತಿರುಗಿಸಬೇಡಿ. ಒಳಗೆ ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.

ಆಮೇಲೆ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲಿ ಕಂದು ಬಣ್ಣ ಇದ್ದು ಒಂದು ಮಾತ್ರ ತೊಳೆದಷ್ಟು ಚೊಕ್ಕವಾಗಿದ್ದರೆ, ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಕಂಪ್ರೆಷನ್ ಗೇಜ್ ಯಾರಲ್ಲಾದರೂ ಸಿಕ್ಕಿದರೆ ಮೂರೂ ಸಿಲಿಂಡರಿನ ಒತ್ತಡ ಅಳೆಯಿರಿ. ಪ್ಲಗ್ ಎಲ್ಲ ಹೊರಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಇಗ್ನಿಷನ್ ಮತ್ತು ಇಂಜೆಕ್ಟರಿನ ಸಂಪರ್ಕ ತೆಗೆದಿರಬೇಕು. ಒಟ್ಟು ಅಂಕಿಗಿಂತ ಮೂರರ ನಡುವಿನ ವ್ಯತ್ಯಾಸ ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕೆಳಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗ್‌ನಲ್ಲಿ. ಏರದಿದ್ದರೆ ವಾಲ್ವ್‌ನಲ್ಲಿ ಅಥವಾ ಗ್ಯಾಸ್ಕೆಟ್‌ನಲ್ಲಿ.

ಇದರಲ್ಲಿ ಯಾವುದೂ ಕಾಣಿಸದಿದ್ದರೆ ಎಂಜಿನ್ ಮುಟ್ಟಬೇಡಿ. ವಾಟರ್ ಪಂಪಿನ ಕೆಳಗೆ ತುಕ್ಕಿನ ಗೆರೆ ಇದೆಯೇ, ಹೋಸ್ ಪೈಪ್ ಬಿರುಕು ಬಿಟ್ಟಿದೆಯೇ, ರೇಡಿಯೇಟರ್ ಫ್ಯಾನ್ ಸಮಯಕ್ಕೆ ತಿರುಗುತ್ತಿದೆಯೇ ನೋಡಿ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದಾರೆಯೇ ಅಂತಲೂ ನೋಡಿ. ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ತೆಗೆದುಬಿಡುವ ಅಭ್ಯಾಸ ತುಂಬ ಕಡೆ ಇದೆ. ಅದರಿಂದ ಎಂಜಿನ್ ಸರಿಯಾದ ಬಿಸಿಗೆ ಬರದೆ ಆ ಬಿಳಿ ಕೆನೆ ಇನ್ನೂ ಜಾಸ್ತಿ ಆಗುತ್ತದೆ.

ಈಗ ಪರೀಕ್ಷೆಯಲ್ಲಿ ಗ್ಯಾಸ್ಕೆಟ್ ಹೋಗಿದೆ ಅಂತಲೇ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಆಗಲೂ ಎಂಜಿನ್ ಇಳಿಸುವ ಅಗತ್ಯ ಇಲ್ಲ. ಹೆಡ್ ಗ್ಯಾಸ್ಕೆಟ್ ಬದಲಿಸಲು ಬ್ಲಾಕ್ ಕಾರಿನಲ್ಲೇ ಇದ್ದರೆ ಸಾಕು. ಹೆಡ್ ಮಾತ್ರ ಮೇಲೆ ಬರಬೇಕು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್, ಅದನ್ನು ಹೊರುವ ಮೇನ್ ಬೇರಿಂಗ್ ಕೆಲಸ ಬಂದಾಗ ಇಡೀ ಎಂಜಿನ್ ಇಳಿಸಬೇಕಾಗುತ್ತದೆ. ಹಾಗಾಗಿ ನಿಮ್ಮ ಹಲಸಿನ ಮರ ಈ ಕೆಲಸಕ್ಕೆ ಬೇಡ.

ಮರದ ವಿಷಯ ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ಮುಂದೆ ಯಾವಾಗಲಾದರೂ ಎಂಜಿನ್ ಎತ್ತಬೇಕಾದರೂ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಬೇಡಿ. ಹೊರಗೆ ಗಟ್ಟಿ ಕಂಡ ಕೊಂಬೆ ಒಳಗೆ ಟೊಳ್ಳಾಗಿರಬಹುದು. ಭಾರ ಸುಮ್ನೆ ತೂಗುತ್ತಿರುವಾಗ ತಡೆದ ಕೊಂಬೆ, ಎಂಜಿನ್ ಒಂದು ಕಡೆ ಸಿಕ್ಕಿಕೊಂಡು ಥಟ್ಟನೆ ಬಿಟ್ಟಾಗ ಬೀಳುವ ಜಗ್ಗನ್ನು ತಡೆಯಬೇಕೆಂದಿಲ್ಲ. ಆ ಹೊತ್ತಿಗೆ ಇಬ್ಬರೂ ಅದರ ಕೆಳಗೇ ಬಗ್ಗಿರುತ್ತೀರಿ. ಎಂಜಿನ್ ಎತ್ತುವ ಕ್ರೇನ್ ಬಾಡಿಗೆಗೆ ಸಿಕ್ಕಿದರೆ ತನ್ನಿ. ಇಲ್ಲದಿದ್ದರೆ ಆ ಕೆಲಸ ವರ್ಕ್‌ಶಾಪಿಗೆ ಬಿಡಿ.

ಕಾರಿನ ಕೆಳಗೆ ಹೋಗುವ ಕೆಲಸ ಹೆಡ್ ಬಿಚ್ಚುವಾಗಲೂ ಸ್ವಲ್ಪ ಇದೆ. ಸೈಲೆನ್ಸರ್ ಪೈಪಿನ ಬೋಲ್ಟು ಕೆಳಗಿನಿಂದ ಬಿಚ್ಚಬೇಕು. ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಖಡಾಖಂಡಿತ ಹೇಳುತ್ತೇನೆ. ಜಾಕ್ ಹಾಕಿ ಎತ್ತಿ, ಕೆಳಗೆ ಕೆಂಪುಕಲ್ಲು ಒಟ್ಟಿ ಅದರ ಮೇಲೆ ಕಾರು ನಿಲ್ಲಿಸಬೇಡಿ. ಕೆಂಪುಕಲ್ಲು ಗೋಡೆಯಲ್ಲಿ ಸಮನಾಗಿ ಭಾರ ಹೊರುತ್ತದೆ, ಸರಿ. ಕಾರಿನ ಸಣ್ಣ ಕಬ್ಬಿಣದ ಅಂಚು ಒಂದೇ ಕಡೆ ಒತ್ತಿದರೆ ಸೀಳುತ್ತದೆ, ಅದೂ ಮುನ್ಸೂಚನೆ ಇಲ್ಲದೆ. ಒದ್ದೆ ಕಲ್ಲು ಇನ್ನೂ ಮೆತ್ತಗೆ. ಸಿಮೆಂಟಿನ ಟೊಳ್ಳು ಇಟ್ಟಿಗೆಯದ್ದೂ ಅದೇ ಕಥೆ. ಜಾಕ್ ಎತ್ತಲಿಕ್ಕೆ ಮಾತ್ರ. ನಿಲ್ಲಿಸಲಿಕ್ಕೆ ಕಬ್ಬಿಣದ ಜಾಕ್ ಸ್ಟ್ಯಾಂಡ್ ಬೇಕು, ಒಂದು ಜೊತೆ. ಅದನ್ನು ಇಡುವ ನೆಲ ಸಿಮೆಂಟಿನದ್ದಾಗಿರಲಿ. ಹಿಂದಿನ ಚಕ್ರಕ್ಕೆ ಎರಡೂ ಬದಿ ಅಡೆ ಕೊಡಿ. ಕೆಳಗೆ ನುಗ್ಗುವ ಮೊದಲು ಕಾರನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ. ಅಲುಗಾಡಿದರೆ ಹೋಗಬೇಡಿ.

ಜಾಗ ಮತ್ತು ಕಾಲ ನೋಡಿಕೊಳ್ಳಿ. ಮಳೆಗಾಲದಲ್ಲಿ ತೆರೆದ ಅಂಗಳದಲ್ಲಿ ಹೆಡ್ ಎತ್ತಿದರೆ ಸಿಲಿಂಡರಿನ ಒಳಗೋಡೆಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಪೊರೆ ಬರುತ್ತದೆ. ದೀಪಾವಳಿ ಕಳೆದರೆ ಅಂಗಳ ಅಡಿಕೆಗೆ ಬೇಕು. ಅಡಿಕೆಯ ಧೂಳು ಎಂಜಿನ್ನಿಗೆ ಬರಬಾರದು, ಎಂಜಿನ್ ಆಯಿಲ್ ಅಡಿಕೆಗೆ ತಾಗಬಾರದು. ಕಾರ್ ಶೆಡ್ಡೇ ಒಳ್ಳೆಯದು. ಆದರೆ ಬಚ್ಚಲಿನ ಒಲೆ ಶೆಡ್ಡಿನ ಪಕ್ಕದಲ್ಲೇ ಇದ್ದರೆ ಅವತ್ತು ಬೆಂಕಿ ಹಾಕಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಕ್ಕೆ ಇಳಿದು, ಹರಿದು, ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ಲುಂಗಿ, ಹೆಗಲಿನ ಬೈರಾಸು, ಹವಾಯಿ ಚಪ್ಪಲಿ ಬೇಡ. ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್. ಉಂಗುರ, ವಾಚು, ಕೈಯ ಚೈನು ತೆಗೆದಿಡಿ. ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ಉಂಗುರ ಒಟ್ಟಿಗೆ ತಾಗಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳಿನಿಂದ ತೆಗೆಯಲಿಕ್ಕೂ ಆಗುವುದಿಲ್ಲ.

ನಿಮ್ಮ ಕಾರಿನಲ್ಲಿ ಇಂಜೆಕ್ಷನ್ ಇರುವುದರಿಂದ ಪೆಟ್ರೋಲ್ ಪೈಪಿನಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ಮುಚ್ಚಿ. ಎಂಜಿನ್ ಸ್ಟಾರ್ಟ್ ಇರುವಾಗಲೇ ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆಯಿರಿ. ತಾನಾಗಿ ಕೆಮ್ಮಿ ನಿಲ್ಲುತ್ತದೆ. ಇನ್ನೊಮ್ಮೆ ಸ್ವಲ್ಪ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿ. ಮೈನಸ್ ತಂತಿ ಮೊದಲು ಬಿಚ್ಚಬೇಕು, ಜೋಡಿಸುವಾಗ ಅದು ಕೊನೆಗೆ. ಕಾರಿನ ಬಾಡಿಯೇ ಮೈನಸ್ ಆಗಿರುವುದರಿಂದ, ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಬಟ್ಟೆ ಸುತ್ತಿ ಹಿಡಿಯಿರಿ, ಬಾಯಿಗೆ ಬೆಣೆ ಕೊಡಿ. ಬೆಳಕಿಗೆ ಹಳೇ ಗಾಜಿನ ಬಲ್ಬು ಬೇಡ, ಎಲ್‌ಇಡಿ ಟಾರ್ಚ್ ಸಾಕು. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ಡೀಸೆಲ್ ಅಥವಾ ಚಿಮಿಣಿ ಎಣ್ಣೆ ಅಷ್ಟು ಬೇಗ ಹತ್ತಿಕೊಳ್ಳುವುದಿಲ್ಲ. ಆದರೂ ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ ತೊಳೆಯಿರಿ.

ರೇಡಿಯೇಟರಿನ ಕೂಲಂಟ್ ಇಳಿಸುವಾಗ ಅಗಲದ ಪಾತ್ರೆ ಇಡಿ, ಕೂಡಲೇ ಮುಚ್ಚಿಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚಿಕ್ಕ ಮಕ್ಕಳಿಗೂ ಅಷ್ಟೇ ಅಪಾಯ.

ಬಿಚ್ಚುವ ಹಿಂದಿನ ಸಂಜೆಯೇ ಎಕ್ಸಾಸ್ಟ್ ಬದಿಯ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಬಿಚ್ಚುವಾಗ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತ ಬಿಡಿಸಿ. ಒಂದೇ ಜಗ್ಗಿಗೆ ಸ್ಟಡ್ ಮುರಿದರೆ ಅದನ್ನು ತೆಗೆಯಲು ಇಡೀ ದಿನ ಹೋಗುತ್ತದೆ.

ಇನ್ನು ಗುರುತಿನ ವಿಷಯ. ಇಡೀ ಕೆಲಸದಲ್ಲಿ ಅತಿ ಮುಖ್ಯ ಅಂತ ನಾನು ಹೇಳುವುದು ಇದನ್ನೇ. ಜೋಡಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಬಿಚ್ಚುವಾಗಲೇ ಹುಟ್ಟಿರುತ್ತವೆ. ಪ್ರತಿ ಪೈಪು, ಪ್ರತಿ ವಯರಿನ ಸಾಕೆಟ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ದೂರದಿಂದ ಒಂದು. ಬರೀ ಹತ್ತಿರದ ಫೋಟೋ ಇದ್ದರೆ ಅದು ಎಂಜಿನ್ನಿನ ಯಾವ ಮೂಲೆ ಅಂತಲೇ ಆಮೇಲೆ ಗೊತ್ತಾಗುವುದಿಲ್ಲ. ಪೈಪಿಗೂ ಅದು ಕೂರುವ ಬಾಯಿಗೂ ಟೇಪ್ ಅಂಟಿಸಿ ಒಂದೇ ನಂಬರ್ ಬರೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಹಾಕಬೇಡಿ. ರಟ್ಟಿನ ಮೇಲೆ ಆ ಭಾಗದ ಚಿತ್ರ ಬಿಡಿಸಿ, ಬೋಲ್ಟು ಎಲ್ಲಿತ್ತೋ ಅಲ್ಲೇ ತೂತು ಮಾಡಿ ಚುಚ್ಚಿಡಿ. ಸಣ್ಣ ಭಾಗಗಳಿಗೆ ಅಡಿಕೆ ಹಾಳೆಯ ತಟ್ಟೆ ಸಾಕು. ಒಂದು ಭಾಗಕ್ಕೆ ಒಂದು ತಟ್ಟೆ, ಒಳಗೆ ಹೆಸರಿನ ಚೀಟಿ. ನೋಡಲು ಒಂದೇ ತರ ಇರುವ ಬೋಲ್ಟುಗಳ ಉದ್ದದಲ್ಲಿ ವ್ಯತ್ಯಾಸ ಇರುತ್ತದೆ. ಗಿಡ್ಡ ತೂತಿಗೆ ಉದ್ದ ಬೋಲ್ಟು ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ.

ಕ್ರ್ಯಾಂಕಿನಿಂದ ವಾಲ್ವ್ ಆಡಿಸುವ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಒಂದನೇ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಗೆ ಬರುವ ಹಾಗೆ ಕ್ರ್ಯಾಂಕನ್ನು ಸ್ಪ್ಯಾನರಿನಿಂದ, ಅದು ಓಡುವ ದಿಕ್ಕಿಗೇ ತಿರುಗಿಸಿ. ಕ್ರ್ಯಾಂಕ್ ಮತ್ತು ಕ್ಯಾಮ್ ಗಾಲಿಗಳ ಗುರುತು ತಮ್ಮ ತಮ್ಮ ಗೆರೆಗೆ ಸೇರಿದ್ದನ್ನು ನೋಡಿ, ಬಿಳಿ ಪೇಂಟಿನಿಂದ ನಿಮ್ಮದೇ ಗುರುತು ಹಾಕಿ, ಫೋಟೋ ತೆಗೆಯಿರಿ. ಬೆಲ್ಟ್ ಕಳಚಿದ ಮೇಲೆ ಎರಡನ್ನೂ ತಿರುಗಿಸಬೇಡಿ. ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿದರೆ ಬಾಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಬಿಡದಿದ್ದರೆ ಸ್ಪ್ಯಾನರನ್ನು ನೆಲಕ್ಕೆ ಆನಿಸಿ ಸೆಲ್ಫ್ ಹೊಡೆಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೇಡವೇ ಬೇಡ. ಸ್ಪ್ಯಾನರ್ ಹಾರಿದರೆ ಮೂಳೆ ಮುರಿಯುತ್ತದೆ. ಕಾರನ್ನು ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಉದ್ದ ಹಿಡಿಯ ಸಾಕೆಟ್ಟಿನಲ್ಲಿ ಬಿಡಿಸಿ.

ಹೆಡ್ ಬೋಲ್ಟು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗುವ ಕ್ರಮ ತಪ್ಪು. ಹೊರಗಿನ ತುದಿಗಳಿಂದ ಶುರು ಮಾಡಿ ನಡುವಿಗೆ ಬರುತ್ತ, ಎಲ್ಲವನ್ನೂ ಅರ್ಧ ಅರ್ಧ ಸುತ್ತು ಸಡಿಲಿಸಿ. ಎರಡು ಮೂರು ಸುತ್ತಿನಲ್ಲಿ ಬಿಗಿ ಪೂರ್ತಿ ಹೋಗುತ್ತದೆ. ಆಮೇಲೂ ಹೆಡ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಬೀಳುವ ಒಂದು ಗೀರು ಮುಂದೆ ಗ್ಯಾಸ್ ಸೋರುವ ದಾರಿ. ಮರದ ತುಂಡಿಟ್ಟು, ಬದಿಯ ದಪ್ಪ ಜಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬರದಿದ್ದರೆ ಎಲ್ಲೋ ಒಂದು ಬೋಲ್ಟು ಉಳಿದಿದೆ ಅಂತ ಹುಡುಕಿ. ಹೆಚ್ಚಿನ ಸಲ ಅದೇ ಕಾರಣ.

ಇಬ್ಬರೂ ಸೇರಿ ಹೆಡ್ ನೇರ ಮೇಲಕ್ಕೆ ಎತ್ತಿ. ಎತ್ತಿದ ಹೆಡ್ಡನ್ನು ಮುಖ ಕೆಳಗೆ ಮಾಡಿ ನೆಲಕ್ಕಿಡಬೇಡಿ. ತೆರೆದ ವಾಲ್ವ್‌ಗಳು ಹೊರಗೆ ಚಾಚಿರುತ್ತವೆ, ನೆಲಕ್ಕೆ ತಾಗಿದರೆ ಬಾಗುತ್ತವೆ. ಎರಡು ರೀಪಿನ ತುಂಡಿನ ಮೇಲೆ ಇಡಿ.

ಒರೆಸುವ ಮೊದಲು ಹಳೇ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿ, ಫೋಟೋ ತೆಗೆಯಿರಿ. ಎರಡು ಸಿಲಿಂಡರಿನ ನಡುವೆ ಕಪ್ಪಗೆ ಸುಟ್ಟಿದೆಯೇ? ನೀರಿನ ತೂತಿನಿಂದ ಸಿಲಿಂಡರಿನ ಕಡೆಗೆ ಗೆರೆ ಇದೆಯೇ? ಗ್ಯಾಸ್ಕೆಟ್ ಪೂರ್ತಿ ಚೆನ್ನಾಗಿ ಕಂಡರೆ ಹೆಡ್ಡಿನಲ್ಲೇ ಬಿರುಕು ಇರಬಹುದು. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಅದೇ ತೊಂದರೆ ಮತ್ತೆ ಬರುತ್ತದೆ. ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಸ್ವಲ್ಪ ಎಣ್ಣೆ ಹಚ್ಚಿ ಒದ್ದೆ ಮಾಡಿ ಕೆರೆಯಿರಿ. ಉಜ್ಜು ಕಾಗದ, ಗ್ರೈಂಡರಿನ ಬ್ರಷ್ ಬೇಡ. ಅದರ ಮರಳಿನ ಕಣ ಆಯಿಲ್ ದಾರಿಗೆ ಹೋಗಿ ಬೇರಿಂಗನ್ನು ಗೀರುತ್ತದೆ. ಪ್ಲಾಸ್ಟಿಕ್ ಉಳಿ ಸಾಕು. ಸಿಲಿಂಡರಿಗೂ ನೀರು, ಆಯಿಲ್ ತೂತುಗಳಿಗೂ ಬಟ್ಟೆ ತುರುಕಿಡಿ. ಕೆಲಸ ಮುಗಿದ ಮೇಲೆ ಅಷ್ಟೂ ಬಟ್ಟೆ ಎಣಿಸಿ ತೆಗೆಯಿರಿ.

ಹೆಡ್ ಬಾಗಿದೆಯೇ ಎಂದು ನೋಡಲು ನೇರ ಅಂಚಿನ ಉಕ್ಕಿನ ಪಟ್ಟಿ ಮತ್ತು ಅದರಡಿಯ ಸಂದು ಅಳೆಯುವ ಫೀಲರ್ ಗೇಜ್ ಬೇಕು. ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಇಂಥ ಚಿಕ್ಕ ಹೆಡ್‌ಗಳಿಗೆ 0.05 ಮಿಲಿಮೀಟರ್ ಆಸುಪಾಸು ಮಿತಿ. ನಿಮ್ಮ ಎಂಜಿನ್ನಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಜಾಸ್ತಿ ಇದ್ದರೆ ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ಮುಖ ಸಮ ಮಾಡುವ ಕಡೆಗೆ ಒಯ್ಯಿರಿ. ಕಾಸರಗೋಡಿನಲ್ಲಿ ಆಗದಿದ್ದರೆ ತಲಪಾಡಿ ದಾಟಿದರೆ ಮಂಗಳೂರೇ ಅಲ್ವಾ. ಬಿರುಕಿಗೆ ಪ್ರೆಷರ್ ಟೆಸ್ಟನ್ನೂ ಅಲ್ಲೇ ಮಾಡಿಸಿ. ಈ ಖರ್ಚಿನಲ್ಲಿ ಉಳಿತಾಯ ಮಾಡಬೇಡಿ.

ಮನೆಯಲ್ಲಿ ಎಲ್ಲಿಗೆ ನಿಲ್ಲಿಸಬೇಕು? ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ನಿಲ್ಲಿಸಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ ಮೇಲೂ ಬಹಳ ಓಡಿಸಿದ್ದರೆ ಬೇರಿಂಗ್ ನೋಡಿಸಬೇಕು, ಅಲ್ಲಿಯೂ ನಿಲ್ಲಿಸಿ. ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳು ತಮ್ಮ ರಾಡಿನ ಜೊತೆಗೇ, ಅದೇ ದಿಕ್ಕಿನಲ್ಲೇ ಕೂರಬೇಕು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಮುಗಿಯಿತು. ಅಳೆಯುವ ಮೈಕ್ರೋಮೀಟರ್ ಇಲ್ಲದೆ ಆ ಕೆಲಸಕ್ಕೆ ಇಳಿಯುವುದು ಬೇಡ. ವಾಲ್ವ್ ಕೂಡ ಹೆಡ್ ಒಯ್ಯುವ ಕಡೆಯಲ್ಲೇ ತೆಗೆಸಿ. ಸ್ಪ್ರಿಂಗ್ ಒತ್ತುವಾಗ ಅದನ್ನು ಹಿಡಿದಿರುವ ಸಣ್ಣ ವಾಲ್ವ್ ಲಾಕ್ ಗುಂಡಿನ ಹಾಗೆ ಹಾರಬಹುದು, ಕಣ್ಣು ಹೋದ ಉದಾಹರಣೆಗಳಿವೆ.

ಜೋಡಿಸುವುದು ಬೇರೆಯೇ ಪಾಠ. ಬಿಚ್ಚುವುದಕ್ಕೆ ಸಂಬಂಧ ಇರುವಷ್ಟು ಹೇಳುತ್ತೇನೆ. ಬೋಲ್ಟು ಇಳಿಯುವ ತೂತುಗಳಲ್ಲಿ ನೀರು, ಆಯಿಲ್ ಉಳಿಯಬಾರದು. ದ್ರವ ಕುಗ್ಗುವುದಿಲ್ಲ. ಬೋಲ್ಟು ಬಿಗಿಯುವಾಗ ಅದೇ ಬ್ಲಾಕನ್ನು ಸೀಳುತ್ತದೆ. ಬಟ್ಟೆಯಿಂದ ಹೀರಿಸಿ, ಕನ್ನಡಕ ಹಾಕಿ ಗಾಳಿ ಊದಿ. ಹೆಡ್ ಬೋಲ್ಟನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಕೈಯಂದಾಜು ಇಲ್ಲಿ ನಡೆಯುವುದಿಲ್ಲ. ಹೊಸ ಬೆಲ್ಟ್ ಹಾಕಿ ಗುರುತು ಸೇರಿಸಿದ ಮೇಲೆ, ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ಗುರುತು ಮತ್ತೆ ನೋಡಿ. ಆಯಿಲ್, ಆಯಿಲ್ ಫಿಲ್ಟರ್ ಹೊಸದು ಹಾಕಿ.

ರೇಡಿಯೇಟರಿಗೆ ಬಾವಿಯ ನೀರು, ಗುಡ್ಡಕ್ಕೆ ಕೊರೆದ ಸುರಂಗದ ನೀರು ಹಾಕುವ ಅಭ್ಯಾಸ ಇದ್ದರೆ ಈಗ ಬಿಡಿ. ನಮ್ಮ ಕೆಂಪುಕಲ್ಲಿನ ನೀರು ಕುಡಿಯಲು ರುಚಿ, ಆದರೆ ಹಲವು ಕಡೆ ಸ್ವಲ್ಪ ಹುಳಿ ಗುಣದ್ದು. ಅಲ್ಯೂಮಿನಿಯಂ ಹೆಡ್ಡಿನ ನೀರಿನ ದಾರಿಯನ್ನು ಅದು ಮೆಲ್ಲಗೆ ತಿನ್ನುತ್ತದೆ. ಗ್ಯಾಸ್ಕೆಟ್ ಹೋಗಲು ಅದೂ ಒಂದು ಕಾರಣ ಆಗಬಹುದು. ಬೆರೆಸಿ ಸಿದ್ಧವಾಗಿರುವ ಕೂಲಂಟ್ ಹಾಕಿ.

ಇಳಿಸಿದ ಹಳೇ ಆಯಿಲ್ ಮತ್ತು ಕೂಲಂಟನ್ನು ಬೇರೆ ಬೇರೆ ಕ್ಯಾನಿನಲ್ಲಿ ಮುಚ್ಚಿಡಿ. ಬೇಲಿಯ ಗೂಟಕ್ಕೆ ಗೆದ್ದಲು ಬಾರದಿರಲಿ ಎಂದು ಹಳೇ ಆಯಿಲ್ ಬಳಿಯುವುದನ್ನೂ, ತೋಟದ ಬದಿಗೆ ಚೆಲ್ಲುವುದನ್ನೂ ಮಾಡಬೇಡಿ. ನಮ್ಮ ಕಲ್ಲಿನಲ್ಲಿ ತೂತುಗಳೇ ಜಾಸ್ತಿ. ಮೇಲೆ ಚೆಲ್ಲಿದ್ದು ಸುರಂಗಕ್ಕೆ, ಬಾವಿಗೆ ಇಳಿಯುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ನಿಮ್ಮ ಎಣ್ಮಕಜೆಯ ಕಡೆಯವರಿಗೆ ಮಣ್ಣಿಗೆ ಬಿದ್ದ ವಿಷದ ಬಗ್ಗೆ ನಾನು ಹೇಳಬೇಕಾಗಿಲ್ಲ. ಬಳಸಿದ ಆಯಿಲ್ 2016ರ ಕೇಂದ್ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ. ಅದನ್ನು ಸಂಗ್ರಹಿಸಿ ಕಳಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ. ಕೂಲಂಟನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಅಲ್ಲೇ ಕೇಳಿ.

ಕೊನೆಗೆ, ಹೆಡ್ ತೆರೆದ ಮೇಲೆ ಬ್ಲಾಕೇ ಹೋಗಿದೆ ಅಂತ ಗೊತ್ತಾದರೆ, ಗುಜರಿಯಿಂದ ಎಂಜಿನ್ ತಂದು ಕೂರಿಸುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಇರುವುದು. ಅದು ಆರ್‌ಸಿಯಲ್ಲಿರುವ ನಂಬರಿಗೆ ಹೊಂದದಿದ್ದರೆ ಫಿಟ್ನೆಸ್ ಮಾಡಿಸುವಾಗಲೂ ಇನ್ಶೂರೆನ್ಸ್ ಕೇಳುವಾಗಲೂ ಸಿಕ್ಕಿಬೀಳುತ್ತೀರಿ. ಬೇರೆ ಎಂಜಿನ್ ಹಾಕಲು ಅನುಮತಿ ಮೊದಲು ತೆಗೆದುಕೊಳ್ಳಬೇಕು. ಮಾರುವವರಿಂದ ಬಿಲ್ಲು ಮತ್ತು ಆ ಎಂಜಿನ್ ಯಾವ ಕಾರಿನದ್ದು ಎಂಬ ದಾಖಲೆ ಕೇಳಿ ಪಡೆಯಿರಿ. ದಾಖಲೆ ಕೊಡದವರಲ್ಲಿ ಎಂಜಿನ್ ತೆಗೆದುಕೊಳ್ಳಬೇಡಿ.